ಹಳೆ ಹಂಚಿನ ಮನೆಯಲ್ಲಿ ಊಟದ ಹೋಟೆಲು: ಹೆಸರು, ಲೋಗೋ, ಬೋರ್ಡು ಯಾವ ಕ್ರಮದಲ್ಲಿ ಮಾಡಬೇಕು?

ಜಗಲಿಕಟ್ಟೆ:
ಮಂಗಳೂರು ಹಳೆ ಪೇಟೆಯಲ್ಲಿ ಎರಡಂತಸ್ತಿನ ಹಂಚಿನ ಮನೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಸುಣ್ಣದ ಗಾರೆ, ಕೆಳಗಿನ ಕೋಣೆಗಳಿಗೆ ತಲೆಯ ಮೇಲೆ ಮರದ ಹಲಗೆಯ ಮುಚ್ಚಿಗೆ, ರಸ್ತೆ ಕಡೆ ಉದ್ದ ಜಗಲಿ, ಅದಕ್ಕೆ ಮರದ ಸರಳುಗಳ ದಳಿ. 48 ಜನ ಕೂರುವ ಕರಾವಳಿ ಊಟದ ಹೋಟೆಲು ಶುರುವಾಗಬೇಕು. ಲೀಸು 9 ವರ್ಷ.

ಡಿಸೈನರ್ ಮೂರು ಲೋಗೋ ಕೊಟ್ಟಿದ್ದಾರೆ. ಒಂದು, ಮನೆಯ ಮುಂಭಾಗದ ರೇಖಾಚಿತ್ರ. ಎರಡು, ಗಂಡಭೇರುಂಡ. ಮೂರು, ಮಾಡಿನ (ಛಾವಣಿಯ) ಹಂಚಿನ ಮೇಲಿದ್ದ ಕಾರ್ಖಾನೆ ಮುದ್ರೆಯನ್ನೇ ಟ್ರೇಸ್ ಮಾಡಿ ಕೆಳಗೆ "1865ರಿಂದ" ಅಂತ ಬರೆದದ್ದು. ಬೋರ್ಡಿಗೆ 12 ಅಡಿ ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ ಫಲಕ) ಶೀಟು, ಒಳಗಿಂದ ಲೈಟು. ಹೊರಗೋಡೆಗೆ ಬ್ರ್ಯಾಂಡ್ ಬಣ್ಣದ ಎಮಲ್ಷನ್. ಮಳೆಗಾಲಕ್ಕೆ ಮುಂಚೆ ಎಲ್ಲ ಮುಗಿಯಬೇಕು. ಯಾವುದು ಇಟ್ಟುಕೊಳ್ಳಬಹುದು, ಯಾವುದು ಬಿಡಬೇಕು ಹೇಳಿ.

ಹಳೆಕಡತ:
ಮೂರೂ ಲೋಗೋದಲ್ಲಿ ತೊಂದರೆ ಉಂಟು, ಒಂದೊಂದರದ್ದೂ ಬೇರೆ ಬೇರೆ.

1865ರಿಂದ ಶುರು ಮಾಡುವ. ಅದು ನಿಮ್ಮ ಮನೆ ಕಟ್ಟಿದ ವರ್ಷವೂ ಅಲ್ಲ, ಆ ಹಂಚು ಸುಟ್ಟ ವರ್ಷವೂ ಅಲ್ಲ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನ ಪಾದ್ರಿಗಳು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ 1865. ಕಾರ್ಖಾನೆಯ ಸ್ಥಾಪನಾ ವರ್ಷವನ್ನು ಅಚ್ಚಿನಲ್ಲೇ ಕೊರೆದಿದ್ದರಿಂದ ಎಷ್ಟೋ ದಶಕ ಆಮೇಲೆ ಸುಟ್ಟ ಹಂಚಿನ ಮೇಲೂ ಅದೇ ಅಂಕಿ ಬಂತು. ಮೊದಲ ಮಹಾಯುದ್ಧದ ಕಾಲದಲ್ಲಿ ಆ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಗೆ ಹೋದವು. ಹಾಗಾಗಿ ಹಂಚಿನ ಮೇಲೆ ಟ್ರಸ್ಟಿನ ಹೆಸರಿದ್ದರೆ ಅದು ಯುದ್ಧದ ನಂತರದ ಹಂಚು ಅಂತ ಖಚಿತ. ಅದರಿಂದಲೂ ಮನೆಯ ವಯಸ್ಸು ಗೊತ್ತಾಗುವುದಿಲ್ಲ, ಯಾಕೆಂದರೆ ಒಡೆದ ಹಂಚನ್ನು ಬೇರೆ ಮನೆಯ ಹಂಚು ತಂದು ಬದಲಿಸುವುದು ನಮ್ಮಲ್ಲಿ ಮಾಮೂಲಿ. ಒಂದೇ ಮಾಡಿನಲ್ಲಿ ನಾಲ್ಕು ಕಾರ್ಖಾನೆಯ ಹಂಚು ಇರಬಹುದು.

ಮನೆಯ ವರ್ಷ ಬೇಕಾದರೆ ಮಾಲೀಕರ ಹತ್ತಿರ ಇರುವ ಹಳೆ ಕ್ರಯಪತ್ರ, ಪಾಲುಪಟ್ಟಿ, ಮೂಲಗೇಣಿ (ಶಾಶ್ವತ ಗೇಣಿ) ಪತ್ರ ನೋಡಿ. 1956ರ ತನಕ ಈ ಜಿಲ್ಲೆ ಮದ್ರಾಸಿಗೆ ಸೇರಿತ್ತು, ಹಾಗಾಗಿ ಹಳೆ ಪತ್ರಗಳು ಆ ಕಾಲದ ಛಾಪಾ ಕಾಗದದಲ್ಲಿರುತ್ತವೆ. ಪತ್ರದ ಷೆಡ್ಯೂಲಿನಲ್ಲಿ ಬರೀ ಜಾಗದ ಅಳತೆ ಉಂಟೋ, "ಅದರಲ್ಲಿರುವ ಹಂಚಿನ ಮನೆ ಸಮೇತ" ಅಂತ ಉಂಟೋ ನೋಡಬೇಕು. ಮನೆಯ ಪ್ರಸ್ತಾಪ ಮೊದಲು ಬರುವ ಪತ್ರದ ವರ್ಷಕ್ಕೆ ಮುಂಚೆ ಕಟ್ಟಿದ್ದು ಅಂತ ಹೇಳಬಹುದು, ಅಷ್ಟೇ. ಏನೂ ಸಿಗಲಿಲ್ಲ ಅಂದರೆ ವರ್ಷವೇ ಹಾಕಬೇಡಿ. ಸಿಕ್ಕಿದರೂ "ಕಟ್ಟಡ ಇಂಥ ವರ್ಷದ್ದು, ಹೋಟೆಲು ಇಂಥ ವರ್ಷದ್ದು" ಅಂತ ಎರಡೂ ಬರೆಯಿರಿ. "ರಿಂದ" ಅನ್ನುವ ಒಂದು ಪ್ರತ್ಯಯ ಸೇರಿಸಿದರೆ ಅಷ್ಟು ವರ್ಷದಿಂದ ನೀವು ಅಡುಗೆ ಮಾಡುತ್ತಿದ್ದೀರಿ ಅಂತ ಅರ್ಥ ಬರುತ್ತದೆ. ಅದು ಸುಳ್ಳು.

ಇನ್ನು ಆ ಮುದ್ರೆ. ಅದು ಇನ್ನೊಬ್ಬರ ವ್ಯಾಪಾರ ಚಿಹ್ನೆ. ಮಾಡಿನ ಮೇಲೆ ಇರಲಿ, ಒಂದು ಒಡೆದ ಹಂಚನ್ನು ಕ್ಯಾಶ್ ಕೌಂಟರ್ ಹತ್ತಿರ ಇಡಿ, ಚಂದ ಕಾಣುತ್ತದೆ. ನಿಮ್ಮ ಲೋಗೋ ಮಾಡಿಕೊಳ್ಳಬೇಡಿ.

ಗಂಡಭೇರುಂಡ ಕರ್ನಾಟಕ ಸರಕಾರದ ಲಾಂಛನದಲ್ಲಿರುವ ಹಕ್ಕಿ. ಸರಕಾರದ ಲಾಂಛನವನ್ನು ವ್ಯಾಪಾರಕ್ಕೆ ಬಳಸುವುದನ್ನು 1950ರ ಲಾಂಛನ ಮತ್ತು ಹೆಸರುಗಳ ಕಾಯಿದೆ ತಡೆಯುತ್ತದೆ, ಆ ಕಾಯಿದೆಯಲ್ಲಿ ನಿಷೇಧಿಸಿದ್ದನ್ನು ಟ್ರೇಡ್‌ಮಾರ್ಕ್ ಕಚೇರಿಯೂ ನೋಂದಾಯಿಸುವುದಿಲ್ಲ. ಹಕ್ಕಿ ಸರಕಾರಕ್ಕಿಂತ ಹಳೆಯದು, ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲೂ ಉಂಟು, ಬೇರೆ ಥರ ಬಿಡಿಸಿದರೆ ವಾದ ಮಾಡಬಹುದು. ಆದರೆ ಮೀನು ಊಟದ ಹೋಟೆಲಿಗೆ ಆ ವಾದ ಯಾಕೆ ಮಾರಾಯ್ರೇ? ಮೇಲಾಗಿ ಅದು ಮೈಸೂರು ಅರಮನೆಯನ್ನು ನೆನಪಿಸುತ್ತದೆ. ನಿಮ್ಮ ಮನೆಗೂ ಅದಕ್ಕೂ ಸಂಬಂಧ ಇಲ್ಲ.

ಮುಂಭಾಗದ ಚಿತ್ರದ್ದು ಲೀಸಿನ ಪ್ರಶ್ನೆ. 9 ವರ್ಷ ಆದ ಮೇಲೆ ಮಾಲೀಕರು ಬಿಡಿ ಅಂದರೆ? ಲೋಗೋದಲ್ಲಿರುವ ಮನೆಯಲ್ಲಿ ಬೇರೆಯವರು ಹೋಟೆಲು ನಡೆಸುತ್ತಿರುತ್ತಾರೆ. ಮನೆತನದ ಹೆಸರು ಇಟ್ಟರೂ ಇದೇ ಕಥೆ. ಹೆಸರು ಮತ್ತು ಚಿಹ್ನೆ ಯಾರದ್ದು, ಲೀಸು ಮುಗಿದ ಮೇಲೆ ಕಟ್ಟಡದ ಫೋಟೋ ಬಳಸಬಹುದೇ, ಈ ಎರಡು ಮಾತು ಲೀಸಿನಲ್ಲೇ ಬರೆಸಿ.

ಸುಣ್ಣದಗೋಡೆ:
ಲೋಗೋ ಕಾಗದದ ಮೇಲೆ ತಿದ್ದಬಹುದು. ಗೋಡೆ ಹಾಳಾದರೆ ತಿದ್ದಲಿಕ್ಕೆ ಆಗುವುದಿಲ್ಲ. ಅದಕ್ಕೆ ಮೊದಲು ಎಮಲ್ಷನ್ ನಿಲ್ಲಿಸಿ.

ಮುರಕಲ್ಲು ತೂತು ತೂತಿನ ಕಲ್ಲು. ಮಳೆಗಾಲದ ನಾಲ್ಕು ತಿಂಗಳು ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಗಾರೆಯ ಮೂಲಕ ಬಿಡುತ್ತದೆ. ಸುಣ್ಣದ ಗಾರೆ ಆ ತೇವ ಹೊರಗೆ ಹೋಗಲು ಬಿಡುತ್ತದೆ. ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ದಾರಿ ಮುಚ್ಚಿತು. ತೇವ ಒಳಗೇ ನಿಂತು, ಉಪ್ಪು ಗಾರೆಯ ಹಿಂದೆ ಹರಳುಗಟ್ಟಿ, ಒಂದೆರಡು ಮಳೆಗಾಲದಲ್ಲಿ ಬಣ್ಣ ಗುಳ್ಳೆ ಎದ್ದು ಗಾರೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಆಗ ಮೇಸ್ತ್ರಿ ಸಿಮೆಂಟಿನಿಂದ ತೇಪೆ ಹಾಕುತ್ತಾನೆ, ತೇಪೆಯ ಸುತ್ತ ಇನ್ನಷ್ಟು ಬೀಳುತ್ತದೆ.

ಸುಣ್ಣವೇ ಬಳಿಯಿರಿ. ಚಿಪ್ಪಿನ ಸುಣ್ಣವನ್ನು ನೀರಲ್ಲಿ ಅಳಿಸಿ, ಕೆಲವು ವಾರ ನೆನೆಯಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳು ಮಾಡಿ. ಗೋಡೆಗೆ ಮೊದಲು ನೀರು ಚಿಮುಕಿಸಿ. ಒಣ ಗೋಡೆಗೆ ಬಳಿದರೆ ಸುಣ್ಣ ಪುಡಿಪುಡಿಯಾಗಿ ಕೈಗೆ ಬರುತ್ತದೆ. ನಾಲ್ಕು ಅಥವಾ ಐದು ತೆಳು ಕೋಟು, ಒಂದೊಂದರ ನಡುವೆ ಒಂದು ದಿನ. ಬಣ್ಣಕ್ಕೆ ಕಾವಿ, ಹಳದಿ ಮಣ್ಣು, ಕಬ್ಬಿಣದ ಆಕ್ಸೈಡ್ ಮಾತ್ರ. ಸುಣ್ಣದ ಕ್ಷಾರಕ್ಕೆ ಉಳಿದ ಹೆಚ್ಚಿನ ಬಣ್ಣಗಳು ತಡೆಯುವುದಿಲ್ಲ. ಸುಣ್ಣದ ತೂಕದ 5 ಶೇಕಡಾ ಹಾಕಿ ನೋಡಿ, 10 ದಾಟಬೇಡಿ, ದಾಟಿದರೆ ಕಚ್ಚುವುದಿಲ್ಲ.

ಇದರಿಂದ ಬ್ರ್ಯಾಂಡಿಗೆ ಒಂದು ನಿಯಮ ಹುಟ್ಟುತ್ತದೆ. ಡಿಸೈನರ್ ಕಂಪ್ಯೂಟರಲ್ಲಿ ಬಣ್ಣ ಆರಿಸಿ ಗೋಡೆಗೆ ಹೊಂದಿಸಲು ಹೋಗಬಾರದು, ಸುಣ್ಣದಲ್ಲಿ ಆ ಬಣ್ಣ ಬರುವುದೇ ಇಲ್ಲ. ಒಂದಡಿ ಚೌಕದ ನಾಲ್ಕು ಮಾದರಿ ಗೋಡೆಯ ಮೇಲೆ ಬಳಿಯಿರಿ. ಒದ್ದೆ ಇದ್ದಾಗ ಗಾಢ, ಒಣಗಿದ ಮೇಲೆ ಎಷ್ಟೋ ಪಾಲು ತಿಳಿ. ಒಂದು ವಾರ ಬಿಟ್ಟು, ಬೆಳಿಗ್ಗೆಯ ಬಿಸಿಲಲ್ಲೂ ರಾತ್ರಿ ದೀಪದಲ್ಲೂ ನೋಡಿ ಆರಿಸಿ. ಆ ಒಣಗಿದ ಚೌಕದಿಂದ ಮುದ್ರಣದ ಬಣ್ಣ ತೆಗೆಯಲಿ. ಗೋಡೆ ಮೊದಲು, ಮೆನು ಆಮೇಲೆ.

ಜಗಲಿಕಟ್ಟೆ:
ಎಮಲ್ಷನ್ ನಿಲ್ಲಿಸಲು ಹೇಳಿದೆ. ಬೋರ್ಡು ಕೂರಿಸುವವರು ಗೋಡೆಗೆ ಎಂಟು ಆ್ಯಂಕರ್ ಬೋಲ್ಟು ಹೊಡೆಯುತ್ತೇವೆ ಅನ್ನುತ್ತಿದ್ದಾರೆ. ಹೊಡೆಯಬಹುದಾ? ರಸ್ತೆಯ ಆಚೆ ಬದಿ ಸುಮಾರು 15 ಮೀಟರ್ ದೂರ, ಅಲ್ಲಿಂದ ಹೆಸರು ಓದಬೇಕು.

ಸುಣ್ಣದಗೋಡೆ:
ಬೇಡ. ಅಗಲುವ ಬೋಲ್ಟು ತೂತಿನೊಳಗೆ ಹಿಗ್ಗಿ ಹಿಡಿಯುವಂಥದ್ದು, ಕಾಂಕ್ರೀಟಿಗೆ ಸರಿ. ಮುರಕಲ್ಲಿನಲ್ಲಿ ಒಂದೋ ಕಲ್ಲು ಬಿರಿಯುತ್ತದೆ, ಇಲ್ಲ ಬೋಲ್ಟು ಪುಡಿಯಲ್ಲಿ ತಿರುಗುತ್ತಾ ಇರುತ್ತದೆ. 12 ಅಡಿ ಶೀಟಿಗೆ ಮಳೆಗಾಲದ ಗಾಳಿ ಹೊಡೆದರೆ ಬೋಲ್ಟು ಕಲ್ಲಿನ ಮುಖ ಸಮೇತ ಬರುತ್ತದೆ. ಅನಿವಾರ್ಯ ಅಂದರೆ ಕಲ್ಲಿಗೆ ಬೇಡ, ಕಲ್ಲು ಕಲ್ಲಿನ ನಡುವಿನ ಗಾರೆಯ ಸಂದಿಗೆ ಹಾಕಿ. ನಾಳೆ ತೆಗೆದರೆ ಗಾರೆ ತುಂಬಬಹುದು. ಸಮುದ್ರದ ಉಪ್ಪುಗಾಳಿಗೆ ಸಾದಾ ಕಬ್ಬಿಣ ತುಕ್ಕು ಹಿಡಿದು ಗೋಡೆ ಉದ್ದಕ್ಕೂ ಕೆಂಪು ಕಲೆ ಇಳಿಸುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲೂ ಕೆಲವು ವರ್ಷದಲ್ಲಿ ಕಲೆ ಬೀಳುತ್ತದೆ, 316 ತೆಗೆದುಕೊಳ್ಳಿ.

ನಿಮಗೆ ಜಗಲಿ ಉಂಟಲ್ಲ. ಜಗಲಿಯ ಮರದ ತೊಲೆಗೆ ಸುತ್ತ ಹಿಡಿಯುವ ಎರಡು ಕ್ಲ್ಯಾಂಪು ಮಾಡಿಸಿ ಬೋರ್ಡು ತೂಗುಹಾಕಿ. ತೊಲೆಗೂ ತೂತು ಬೇಡ, ಲೋಹಕ್ಕೂ ಮರಕ್ಕೂ ನಡುವೆ ರಬ್ಬರ್ ಪಟ್ಟಿ ಇಡಿ. 5 ಅಡಿ ಉದ್ದ, ಒಂದೂವರೆ ಅಡಿ ಎತ್ತರ, 25 ಮಿಮೀ ದಪ್ಪದ ತೇಗದ ಹಲಗೆ ಸುಮಾರು 11–12 ಕೆಜಿ ಆಗುತ್ತದೆ, ಗಟ್ಟಿ ತೊಲೆಗೆ ಅದು ಭಾರವೇ ಅಲ್ಲ. ಮೊದಲು ತೊಲೆಯ ತುದಿ ಗೋಡೆಯೊಳಗೆ ಕೂರುವ ಕಡೆ ಉಳಿಯಿಂದ ಚುಚ್ಚಿ ನೋಡಿ, ಗೆದ್ದಲು ತಿನ್ನುವುದು ಅಲ್ಲೇ.

ಹತ್ತಿರದಲ್ಲಿ ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಇದ್ದರೆ ಅದರ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಆ ವಲಯದಲ್ಲಿದ್ದರೆ ರಿಪೇರಿಗೂ ಮೊದಲೇ ಅನುಮತಿ ಬೇಕು. ರಸ್ತೆ ಕಡೆ ಚಾಚುವ ಬೋರ್ಡಿಗೆ ಪಾಲಿಕೆಯಲ್ಲೂ ವಿಚಾರಿಸಿ.

ಅಕ್ಷರಒತ್ತು:
ಬೋರ್ಡಿನ ಅಳತೆ ಗೊತ್ತಾಯಿತು, ಅಕ್ಷರಕ್ಕೆ ಬರುವ. 2024ರ ತಿದ್ದುಪಡಿಯ ಪ್ರಕಾರ ಕರ್ನಾಟಕದಲ್ಲಿ ನಾಮಫಲಕದ 60 ಶೇಕಡಾ ಕನ್ನಡ ಇರಬೇಕು, ಕನ್ನಡ ಮೇಲ್ಭಾಗದಲ್ಲಿ ಇರಬೇಕು. ಇಂಗ್ಲಿಷಿನಲ್ಲಿ ಲೋಗೋ ಮಾಡಿಸಿ ಕೊನೆಗೆ ಕನ್ನಡ ಟೈಪ್ ಮಾಡಿ ತಲೆಯ ಮೇಲೆ ಅಂಟಿಸಿದ ಬೋರ್ಡುಗಳು ಊರು ತುಂಬ ಇವೆ, ಎರಡು ಬೇರೆ ಅಂಗಡಿಯ ಬೋರ್ಡು ಜೋಡಿಸಿದ ಹಾಗೆ ಕಾಣುತ್ತವೆ. ಕನ್ನಡ ಅಕ್ಷರವನ್ನೇ ಮೂಲ ಲೋಗೋ ಮಾಡಿ, ಇಂಗ್ಲಿಷ್ ಅದಕ್ಕೆ ಹೊಂದಿಕೊಳ್ಳಲಿ. ಕನ್ನಡ ಅಚ್ಚಿನ ದೊಡ್ಡ ಕೆಲಸ ಆದ ಊರು ನಿಮ್ಮದು. 1843ರಲ್ಲಿ ಮಂಗಳೂರ ಸಮಾಚಾರ ಹೊರಟದ್ದೂ ಅಲ್ಲೇ, 1894ರಲ್ಲಿ ಕಿಟ್ಟೆಲ್ ನಿಘಂಟು ಬಂದದ್ದೂ ಅಲ್ಲೇ.

ಓದುವ ದೂರ 3 ಮೀಟರಿಗೆ 25 ಮಿಮೀ ಅಕ್ಷರ ಅನ್ನುವ ಲೆಕ್ಕ ಇಂಗ್ಲಿಷ್ ದೊಡ್ಡಕ್ಷರದ್ದು. 15 ಮೀಟರಿಗೆ 125 ಮಿಮೀ ಬಂತು. ಕನ್ನಡಕ್ಕೆ 150 ಇಡಿ. ಪ, ವ, ಷ ಇವುಗಳ ನಡುವೆ ಇರುವುದು ಒಂದು ಗೀಟು, ಒಂದು ಸಂದು ಅಷ್ಟೇ, ದೂರದಿಂದ ಅದು ಮುಚ್ಚಿಹೋಗುತ್ತದೆ. ಈ 150 ಅನ್ನುವುದು ಮೂಲ ಅಕ್ಷರದ ಎತ್ತರ, ಗುಡಿಸು, ಒತ್ತು ಬಿಟ್ಟು. ಗೀಟಿನ ದಪ್ಪ 22–25 ಮಿಮೀ. ಅದಕ್ಕಿಂತ ದಪ್ಪ ಮಾಡಿದರೆ ಒಳಗಿನ ಖಾಲಿ ಜಾಗ ತುಂಬಿ ಅಕ್ಷರ ಉಂಡೆಯಾಗುತ್ತದೆ.

ಒತ್ತಕ್ಷರ ಇರುವ ಹೆಸರಿಗೆ ಕೆಳಗೆ ಇನ್ನೂ ಅರ್ಧ ಅಕ್ಷರದಷ್ಟು ಜಾಗ ಬೇಕು. ಲೋಹದಲ್ಲಿ ಕತ್ತರಿಸಿದರೆ ಒತ್ತು ಬೇರೆ ತುಂಡು, ಅದಕ್ಕೆ ಬೇರೆ ಆಧಾರ. ಆ್ಯಪಿನ ಸಣ್ಣ ಚೌಕದಲ್ಲಿ ಒತ್ತು ಕಾಣುವುದೇ ಇಲ್ಲ. ಹೆಸರು ಇನ್ನೂ ಗಟ್ಟಿಯಾಗಿಲ್ಲ ಅಂದರೆ ಒತ್ತಿಲ್ಲದ ಹೆಸರು ಹುಡುಕಿ.

ಸ್ಟೆನ್ಸಿಲ್ ಕತ್ತರಿಸುವವರಿಗೆ ಒಂದು ಎಚ್ಚರ. ಅಕ್ಷರದ ಒಳಭಾಗ ಉದುರಬಾರದು ಅಂತ ಅವರು ಅಲ್ಲಲ್ಲಿ ಸೇತುವೆ ಬಿಡುತ್ತಾರೆ. ಆ ಸೇತುವೆ ದ, ಡ, ಬ ಇವುಗಳ ಬುಡದ ಮಧ್ಯೆ ಬಿದ್ದರೆ ಧ, ಢ, ಭ ಆಗಿ ಓದಿಸುತ್ತದೆ. ಮಹಾಪ್ರಾಣದ ಸೀಳೂ ಅಲ್ಲೇ ಬರುವುದು ಅಲ್ವಾ. ಸೇತುವೆಯನ್ನು ಬದಿಗೆ ತಳ್ಳಲು ಹೇಳಿ.

ಸಿದ್ಧ ಫಾಂಟು ಸಾಕು ಅಂದರೆ ತಿರೋ ಕನ್ನಡ, ಅನೇಕ್ ಕನ್ನಡ, ನೋಟೋ ಸೆರಿಫ್ ಕನ್ನಡ ಮುಕ್ತ ಪರವಾನಗಿಯವು, ವ್ಯಾಪಾರಕ್ಕೂ ಬಳಸಬಹುದು. ಮೆನುವಿಗೆ ಇವುಗಳಲ್ಲೊಂದು ಇರಲಿ. ಹೆಸರನ್ನು ಮಾತ್ರ ಕೈಯಲ್ಲಿ ಬರೆಸಿ.

ಬೋರ್ಡುಬರಹ:
ಹಲಗೆಯ ಕೆಲಸ ಹೀಗೆ. ಹದವಾದ ತೇಗ ಅಥವಾ ಹಲಸು. ಅಂಚುಗಳನ್ನು ಸ್ವಲ್ಪ ದುಂಡಗೆ ಮಾಡಿ, ಚೂಪು ಅಂಚಿನಲ್ಲಿ ಬಣ್ಣ ನಿಲ್ಲುವುದಿಲ್ಲ. ಪ್ರೈಮರ್ ಎರಡು ಕೋಟು, ಮುಂದೆ, ಹಿಂದೆ, ನಾಲ್ಕೂ ಅಂಚು. ಮುಂದೆ ಮಾತ್ರ ಹಚ್ಚಿದರೆ ಹಿಂಬದಿ ತೇವ ಕುಡಿದು ಹಲಗೆ ಸೊಟ್ಟಗಾಗುತ್ತದೆ. ತುದಿಗಳಲ್ಲಿ ಮರದ ನಾರು ಕಾಣುವ ಕಡೆ ಮೂರನೇ ಕೋಟು. ಆಮೇಲೆ ಎನಾಮೆಲ್ ಎರಡು ಕೋಟು, ನಡುವೆ ನಯವಾದ ಉಪ್ಪು ಕಾಗದ ಉಜ್ಜಿ.

ಅಕ್ಷರ ಇಳಿಸಲು ನಿಜ ಅಳತೆಯ ಪ್ರಿಂಟ್ ತೆಗೆದು, ಗೆರೆಯ ಉದ್ದಕ್ಕೂ ಸೂಜಿಯಿಂದ ಚುಚ್ಚಿ, ಹಲಗೆ ಮೇಲಿಟ್ಟು ಚಾಕ್ ಪುಡಿಯ ಬಟ್ಟೆಗಂಟು ತಟ್ಟಿ. ಚುಕ್ಕಿಗಳು ಮೂಡುತ್ತವೆ, ಅದರ ಮೇಲೆ ಕುಂಚ. ಮಳೆಗಾಲಕ್ಕೆ ಮುಂಚೆ ಮುಗಿಸುತ್ತೀರಿ ಅಂದಿರಿ, ಒಳ್ಳೆಯದು, ಜೂನ್ ಬಂದ ಮೇಲೆ ಎನಾಮೆಲ್ ದಿನಗಟ್ಟಲೆ ಅಂಟಂಟು ಇರುತ್ತದೆ. ಬೆಳಕಿಗೆ ಮೇಲಿಂದ ಎರಡು 5 ವ್ಯಾಟ್ ಎಲ್‌ಇಡಿ, 2700 ಕೆಲ್ವಿನ್ನಿನ ಹಳದಿ ಬೆಳಕಿನವು. ಬಿಳಿ ಬಲ್ಬು ಹಾಕಿದರೆ ಸುಣ್ಣದ ಗೋಡೆ ನೀಲಿ ಹೊಡೆಯುತ್ತದೆ.

ಒಲೆಬದಿ:
ಎಲ್ಲರೂ ಗೋಡೆಯ ಬಗ್ಗೆಯೇ ಮಾತಾಡುತ್ತಿದ್ದೀರಿ. ಮನೆ ನೋಡಲು ಜನ ಒಂದು ಸಲ ಬರುತ್ತಾರೆ, ಊಟಕ್ಕೆ ಹತ್ತು ಸಲ. ಹೆಸರಿನಲ್ಲಿ "ಪಾರಂಪರಿಕ", "ಅರಮನೆ" ಅಂತೆಲ್ಲ ಹಾಕಿದರೆ ಪಕ್ಕದ ಆಫೀಸಿನವರು ರೇಟು ಜಾಸ್ತಿ ಅಂದುಕೊಂಡು ಒಳಗೇ ಬರುವುದಿಲ್ಲ. ಹೆಸರಿನ ಕೆಳಗೆ "ಕರಾವಳಿ ಊಟ" ಅಂತ ಎರಡು ಪದ ಸಾಕು, ಏನು ಸಿಗುತ್ತದೆ ಅಂತ ಗೊತ್ತಾಗಬೇಕು.

ಮೆನುವಿನಲ್ಲಿ ಪುಂಡಿ, ಪತ್ರೊಡೆ, ಕೋರಿ ರೊಟ್ಟಿ, ಮೂಡೆ ಹಾಗೆಯೇ ಇರಲಿ. "ಸ್ಟೀಮ್ಡ್ ರೈಸ್ ಡಂಪ್ಲಿಂಗ್" ಅಂತ ಹೆಸರು ಬದಲಾಯಿಸಬೇಡಿ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದೇ ಸಾಲು: ಮೂಡೆ, ಕೇದಗೆ ಜಾತಿಯ ಮುಂಡುಕನ ಓಲೆಯ ಕೊಳವೆಯಲ್ಲಿ ಬೇಯಿಸಿದ ಇಡ್ಲಿ ಹಿಟ್ಟು. ಹೊರಗಿನವರಿಗೂ ಅರ್ಥವಾಗುತ್ತದೆ, ಊರಿನವರಿಗೂ ಕಿರಿಕಿರಿ ಇಲ್ಲ. ಮೀನು ದಿನಾ ಬದಲಾಗುತ್ತದೆ, ಕಾಣೆ, ಬಂಗುಡೆ ರೇಟನ್ನು ಅಚ್ಚು ಹಾಕಿಸಬೇಡಿ. ಜಗಲಿಯಲ್ಲಿ ಕರಿಹಲಗೆ ಇಡಿ, ಅದೂ ನಿಮ್ಮ ಬೋರ್ಡೇ. ಚಾಕ್ ಹಿಡಿಯುವವರ ಕೈಬರಹ ಚೆನ್ನಾಗಿರಬೇಕು ಅಷ್ಟೇ.

ಸುಣ್ಣದಗೋಡೆ:
ಒಲೆಬದಿಯವರು ಹೇಳಿದ್ದಕ್ಕೆ ಒಪ್ಪುತ್ತೇನೆ, ಒಂದು ತಿದ್ದುಪಡಿ. ಅಡುಗೆಮನೆಯ ಹೊಗೆ ಕೊಳವೆ ಮುಂಭಾಗದ ಮಾಡು ಸೀಳಿಕೊಂಡು ಎದ್ದರೆ ಯಾವ ಲೋಗೋವೂ ಉಳಿಸುವುದಿಲ್ಲ, ಪ್ರತಿಯೊಬ್ಬರ ಫೋಟೋದಲ್ಲೂ ಅದೇ ಮೊದಲು ಕಾಣುವುದು. ಒಲೆ ಹಿಂದಿನ ಇಳಿಮಾಡಿಗೆ ಹಾಕಿ. ಮುಚ್ಚಿಗೆ ಇರುವ ಕೋಣೆಯಲ್ಲಿ ಹುರಿಯುವುದು ಬೇಡವೇ ಬೇಡ, ಮರಕ್ಕೆ ಎಣ್ಣೆ ಜಿಡ್ಡು ಕೂತರೆ ಹೋಗುವುದಿಲ್ಲ, ಬೆಂಕಿಯ ಭಯ ಬೇರೆ.

ಜಗಲಿಕಟ್ಟೆ:
ಹೆಸರಿಗೆ "ದಳಿ" ಅಂತ ಯೋಚನೆ ಬಂದಿದೆ. ಜಗಲಿಯ ಮರದ ಸರಳುಗಳು. ಒತ್ತಿಲ್ಲ, ಎರಡೇ ಅಕ್ಷರ, ಐದು ನೇರ ಗೀಟು ಎಳೆದರೆ ಚಿಹ್ನೆಯೂ ಆಯಿತು. ನಾಳೆ ಬೇರೆ ಮನೆಗೆ ಹೋದರೂ ಜೊತೆಗೆ ಬರುತ್ತದೆ. ನೋಂದಣಿ ಹೇಗೆ?

ಹಳೆಕಡತ:
ಒಳ್ಳೆಯ ದಾರಿ. ದಳಿ ಅನ್ನುವುದು ಊಟದ ವರ್ಣನೆ ಅಲ್ಲ, ಹಾಗಾಗಿ ಟ್ರೇಡ್‌ಮಾರ್ಕಿಗೆ ಗಟ್ಟಿ. "ಮಂಗಳೂರು ಊಟ" ಥರದ್ದು ಊರು ಮತ್ತು ಸರಕಿನ ಹೆಸರು, 9ನೇ ಸೆಕ್ಷನ್ನಿನಲ್ಲಿ ನಿರಾಕರಿಸುತ್ತಾರೆ. ತೊಂದರೆ ಇಂಗ್ಲಿಷ್ ಲಿಪಿಯಲ್ಲಿ ಉಂಟು: ಳ ಹೋಗಿ ಲ ಆಗಿ, ಸ್ಪೇನಿನ ಚಿತ್ರಕಾರ ಡಾಲಿ ಅಂತ ಓದುತ್ತಾರೆ, ಇಲ್ಲ ಬೇಳೆ ಅಂದುಕೊಳ್ಳುತ್ತಾರೆ. "ದಳಿಮನೆ" ಮಾಡಿದರೆ ಹೇಗೆ? ಅದಕ್ಕೂ ಒತ್ತಿಲ್ಲ. ಯಾವುದಾದರೂ ಸರಿ, ಮೊದಲು ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಹೋಟೆಲಿನ 43ನೇ ವರ್ಗದಲ್ಲಿ ಉಚ್ಚಾರಣೆಯ ಹುಡುಕಾಟ ಮಾಡಿ, ಬರೀ ಅಕ್ಷರದ್ದಲ್ಲ. ಮಸಾಲೆ ಪುಡಿ, ಕಾಫಿ ಪುಡಿ ಮಾರುವ ಯೋಚನೆ ಇದ್ದರೆ 30ನೇ ವರ್ಗವೂ ಬೇಕು. ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ಯಮಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಕನ್ನಡ ಲಿಪಿಯ ಗುರುತಿಗೆ ಉಚ್ಚಾರಣೆ ಮತ್ತು ಅರ್ಥ ಬರೆದುಕೊಡಬೇಕು. ಜರ್ನಲ್ಲಿನಲ್ಲಿ ಪ್ರಕಟವಾದ ಮೇಲೆ ಆಕ್ಷೇಪಕ್ಕೆ 4 ತಿಂಗಳು, ನೋಂದಣಿ ಆದರೆ 10 ವರ್ಷ, ಆಮೇಲೆ ನವೀಕರಣ.

ಡಿಸೈನರ್ ಜೊತೆ ಕಾಗದ ಮಾಡಿಕೊಳ್ಳಿ. ಹಣ ಕೊಟ್ಟಿರಿ ಅಂತ ಲೋಗೋದ ಕೃತಿಸ್ವಾಮ್ಯ ತಾನಾಗಿ ನಿಮ್ಮದಾಗುವುದಿಲ್ಲ. ಬರಹದಲ್ಲಿ ವರ್ಗಾಯಿಸಿ ಸಹಿ ಆಗಬೇಕು. ಅವಧಿ ಬರೆಯದಿದ್ದರೆ 1957ರ ಕಾಯಿದೆಯಲ್ಲಿ ಅದು 5 ವರ್ಷ ಅಂತ ಲೆಕ್ಕ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. "ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೆ" ಅಂತ ಬರೆಸಿ. ಕೈಬರಹದ ಕಲಾವಿದರಿಗೂ ಇದೇ.

ಅಚ್ಚುಮೊಳೆ:
ಮುದ್ರಣದ ಮಾತು. ಹಂಚಿನ ಆಕಾರದ ಮೆನು ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ಲೆಕ್ಕ ಹಾಕಿ. ಮಂಗಳೂರು ಹಂಚಿನ ಒಂದು ಅಳತೆ 410 × 235 ಮಿಮೀ. ಅಷ್ಟೇ ದೊಡ್ಡ ಕಾರ್ಡು 25 × 36 ಇಂಚಿನ ಶೀಟಿನಲ್ಲಿ ನಾಲ್ಕೇ ಬರುತ್ತದೆ, ಮೂರನೇ ಒಂದು ಪಾಲು ಕಾಗದ ಕಸ. ಅದರ ಅರ್ಧ ಅಳತೆ, 205 × 118, ಅಂಚು ಬಿಟ್ಟೂ 20 ಬರುತ್ತದೆ. ಕೈಯಲ್ಲಿ ಹಿಡಿಯಲೂ ಹದ. 300 ಜಿಎಸ್‌ಎಂ ದಪ್ಪದ ಕಾಗದ, ಎರಡೂ ಬದಿ ಮ್ಯಾಟ್ ಲ್ಯಾಮಿನೇಷನ್. ಒಂದೇ ಬದಿ ಮಾಡಿದರೆ ಮಳೆಗಾಲದಲ್ಲಿ ಕಾರ್ಡು ಹಪ್ಪಳದ ಹಾಗೆ ಸುರುಳಿಯಾಗುತ್ತದೆ.

ಕನ್ನಡ 11 ಪಾಯಿಂಟ್, ಸಾಲಿನ ಅಂತರ 16–17. ಇಂಗ್ಲಿಷಿನ ಅಂತರವೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಪ್ರೆಸ್ಸಿಗೆ ಯೂನಿಕೋಡ್ ಪಠ್ಯ ಕಳಿಸಿದರೆ ಅವರು ಹಳೆ ನುಡಿ ಫಾಂಟಿಗೆ ತಿರುಗಿಸುತ್ತಾರೆ, ಅಲ್ಲೇ ಕೆಡುವುದು. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡದಿದ್ದರೂ ಒತ್ತು ಒಡೆದು "ಪತ್ರೊಡೆ" "ಪತ್‌ರೊಡೆ" ಆಗುತ್ತದೆ. ಅಕ್ಷರವನ್ನು ಔಟ್‌ಲೈನ್ ಮಾಡಿದ ಪಿಡಿಎಫ್ ಮಾತ್ರ ಕೊಡಿ. ಪ್ರೂಫ್ ನೋಡುವಾಗ ಅರ್ಕಾವೊತ್ತು, ಕ್ಷ, ಜ್ಞ, ರೊಟ್ಟಿಯ ಟ್ಟಿ, ಇಷ್ಟನ್ನು ಬೆರಳಿಟ್ಟು ನೋಡಿ.

ಗಾಢ ಬಣ್ಣದ ಮೇಲೆ ಬಿಳಿ ಅಕ್ಷರ ಬೇಡ. ಸಣ್ಣ ಅಕ್ಷರದ ಒಳಗೆ ಶಾಯಿ ಹರಡಿ ತುಂಬುತ್ತದೆ. ಗಾಜಿನ ಹಂಚಿನಿಂದ ಬರುವ ಬೆಳಕಿನಲ್ಲಿ ಮಧ್ಯಾಹ್ನ ಓದಲಾದೀತು, ರಾತ್ರಿ ಓದಲಾಗುವುದಿಲ್ಲ.

ಜಗಲಿಕಟ್ಟೆ:
"ದಳಿಮನೆ, ಕರಾವಳಿ ಊಟ" ಅಂತ ಇಟ್ಟುಕೊಂಡು 43ರಲ್ಲಿ ಹುಡುಕಿಸುತ್ತಿದ್ದೇವೆ. ಎಸಿಪಿ ಆರ್ಡರು ರದ್ದು. ತೊಲೆಯ ತುದಿ ಚುಚ್ಚಿ ನೋಡಿದಾಗ ಬಲಬದಿಯಲ್ಲಿ ಉಳಿ ಒಂದು ಇಂಚು ಒಳಗೆ ಹೋಯಿತು, ಎಡಬದಿ ಗಟ್ಟಿ ಉಂಟು. ಬೋರ್ಡು ಈಗ ಎಲ್ಲಿ?

ಸುಣ್ಣದಗೋಡೆ:
ಬಲಬದಿಗೆ ಒಂದು ಕೆಜಿಯೂ ತೂಗಿಸಬೇಡಿ. ಬೋರ್ಡಿಗಿಂತ ಮೊದಲು ಬಡಗಿಯನ್ನು ಕರೆಸಿ ಆ ತುದಿಗೆ ಊರೆ ಕೊಡಿಸಿ, ಕೆಟ್ಟ ಭಾಗ ಕೊಯ್ದು ಅದೇ ಜಾತಿಯ ಮರ ಜೋಡಿಸಲಿ. ಮೇಲಿನ ಹಂಚು ಸರಿದು ನೀರು ಇಳಿಯುತ್ತಿರಬೇಕು, ಅದನ್ನೂ ನೋಡಿಸಿ. ಅಲ್ಲಿಯ ತನಕ ಅಂಗಳದಲ್ಲಿ ಎರಡು ಕಂಬ ನೆಟ್ಟು ಅದೇ ಹಲಗೆ ಕಟ್ಟಿ, ಗೋಡೆಯಿಂದ ದೂರ. ಕಂಬದ ಗುಂಡಿ ಎರಡಡಿ, ಬುಡದ ಸುತ್ತ ಜಲ್ಲಿ ತುಂಬಿ ನೀರು ಇಂಗುವ ಹಾಗೆ ಮಾಡಿ. ದಳಿ ಮರೆಯಾಗದ ಹಾಗೆ ಎಡಕ್ಕೆ ನಿಲ್ಲಿಸಿ.